ಆಮೆ ಅಕ್ಕ

ಪುಟ್ಟ ಹಡಗಿನಲ್ಲಿ ದ್ವೀಪಗಳನ್ನು ನೋಡಲು ಬಂದವರನ್ನು ನೀರಿಗಿಳಿಸಿ ಮೀನು, ಹವಳ ತೋರಿಸುವ ಕೆಲಸ ಅವಳದು. ಆಮೆ ಕಂಡರೆ ಊಟದ ತಟ್ಟೆ ಬಿಟ್ಟು ಓಡುತ್ತಾಳೆಂದು ಹಡಗಿನವರೆಲ್ಲ ಆಮೆ ಅಕ್ಕ ಎನ್ನುತ್ತಾರೆ. ಮೂಗು ಮುಚ್ಚುವ ಕನ್ನಡಕ, ಬಾಯಿಗೆ ಉಸಿರುಕೊಳವೆ, ಕಾಲಿಗೆ ರಬ್ಬರ್ ರೆಕ್ಕೆ ತೊಡಿಸಿ ಒಬ್ಬೊಬ್ಬರನ್ನೂ ಮದುಮಕ್ಕಳಂತೆ ಸಿಂಗರಿಸಿ, "ಕಣ್ತುಂಬ ನೋಡಿ, ಕೈ ಮಾತ್ರ ಹಚ್ಚಬೇಡಿ, ನೆಂಟರ ಮನೆಗೆ ಹೋಗ್ತಿದ್ದೀರಿ" ಎನ್ನುತ್ತಾಳೆ. ಹವಳದ ಮೇಲೆ ಕಾಲಿಟ್ಟವರು ನ್ಯಾಯಾಧೀಶರಾದರೂ ಸರಿಯೇ, "ಅದು ಕಲ್ಲಲ್ಲ ಸ್ವಾಮಿ, ಜೀವ!" ಎಂಬ ಗದರಿಕೆ ತಪ್ಪದು. ಡಾಲ್ಫಿನ್ ನೆಗೆದರೆ ತಾನೇ ಹೆತ್ತು ಕಲಿಸಿದವಳಂತೆ ಸೊಂಟಕ್ಕೆ ಕೈಯಿಟ್ಟು ಬೀಗುತ್ತಾಳೆ, ಇಡೀ ದಿನ ಏನೂ ಕಾಣದಿದ್ದರೆ, "ಅವಕ್ಕೂ ಭಾನುವಾರ ಬೇಡ್ವಾ?" ಎಂದು ಪಕ್ಷ ವಹಿಸುತ್ತಾಳೆ. ಬಂಡೆಯ ಮೇಲಿನ ಹಕ್ಕಿ ಹಾರಿಹೋದರೆ ತಪ್ಪು ಕ್ಯಾಮೆರಾ ಹಿಡಿದವನದೇ. ಈ ಸಲ ಒಬ್ಬರು ಅಜ್ಜಿ ಏಣಿಯ ಕೊನೆಯ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತೇಬಿಟ್ಟರು. "ನನ್ ಕೈಲಾಗಲ್ಲಮ್ಮ, ನೀನಾದ್ರೆ ನೀರಲ್ಲೇ ಹುಟ್ಟಿದೋಳು." ಆಮೆ ಅಕ್ಕ ಎಂದೂ ಇಲ್ಲದಂತೆ ದನಿ ತಗ್ಗಿಸಿದಳು. "ಈ ಹಡಗಿನ ಅಡುಗೆಮನೇಲಿ ಹನ್ನೆರಡು ವರ್ಷ ಪಾತ್ರೆ ತೊಳ್ದೆ ಅಜ್ಜಿ. ಸಮುದ್ರ ಕಂಡ್ರೆ ಕೈಕಾಲು ತಣ್ಣಗಾಗ್ತಿತ್ತು. ನಲವತ್ತು ದಾಟಿದ್ಮೇಲೆ, ಇದೇ ಮೆಟ್ಟಿಲ ಕಂಬಿ ಹಿಡ್ಕೊಂಡು ಈಜು ಕಲ್ತೆ." ಅಜ್ಜಿ ಅವಳನ್ನೇ ದಿಟ್ಟಿಸಿ ಕಂಬಿಯಿಂದ ಒಂದು ಕೈ ಬಿಟ್ಟರು, ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ. ಅವಳ ತೋಳು ಹಿಡಿದು ನೀರಿಗೆ ಮುಖವಿಟ್ಟವರು ಮೇಲೆದ್ದು ಹೇಳಿದ್ದು ಒಂದೇ ಮಾತು: "ಇನ್ನೊಂದ್ಸಲ!" ಆಮೆ ಅಕ್ಕ ಹಡಗಿಗೆಲ್ಲ ಕೇಳುವಂತೆ ಕೂಗಿದಳು, "ಬನ್ರೋ ಎಲ್ಲ, ನಮ್ಮಜ್ಜಿನ ನೋಡಿ!"