ಹಳದಿಯ ಮೇಲೆ ನೀಲಿ ಗರಿ

ತ್ಲಾಕೊ ಹುಟ್ಟಿದಾಗ ಅಪ್ಪ ಅಮ್ಮ ಅಮಾಂತ್ಲಾನ್ ಕೇರಿಯ ಗುಡಿಯಲ್ಲಿ ಹರಕೆ ಹೊತ್ತದ್ದು ಒಂದಕ್ಕೇ: ಮಗಳಿಗೆ ಬಣ್ಣ ತಿಳಿಯುವ ಕಣ್ಣು ಬರಲಿ. ಗರಿ ಕೆಲಸದ ಕೇರಿ ಅದು. ಗಂಡಸರು ಅಗ್ಗದ ಗರಿಯ ಪದರ ಹಾಸಿ ಅದರ ಮೇಲೆ ಬೆಲೆಬಾಳುವ ಗರಿ ಅಂಟಿಸುತ್ತಾರೆ, ಹೆಂಗಸರು ಅಡಿಯ ಗರಿಗೆ ಬಣ್ಣ ಕಟ್ಟುತ್ತಾರೆ. ಮೂವತ್ತರ ಹೊತ್ತಿಗೆ ಅವಳಂಥ ಬಣ್ಣಗಾತಿ ಇನ್ನೊಬ್ಬಳಿರಲಿಲ್ಲ. ಆದರೂ ಯಾವ ಗರಿಯ ಅಡಿಗೆ ಯಾವ ಬಣ್ಣ ಎಂಬ ಮಾತು ಮಾವ ಓಲಿನ್‌ನದೇ.

ಹೂವಿನ ಹಬ್ಬಕ್ಕೆ ಐದು ದಿನವಿತ್ತು. ಅಷ್ಟರಲ್ಲಿ ಹಬ್ಬದ ಗರಿ ಗುರಾಣಿಯೊಂದು ಮುಗಿಯಬೇಕಿತ್ತು. ಅದರ ನಡುವಿಗೆ ಜೇನು ಹೀರುವ ಪುಟ್ಟ ಹಕ್ಕಿಯ ನೀಲಿ ಗರಿ. ಇದ್ದದ್ದು ಒಂದೇ ಬುಟ್ಟಿ, ಅಂಟಿಸಿದರೆ ಮತ್ತೆ ಬಿಡಿಸಲಾಗದು. ಆ ನೀಲಿಯ ಅಡಿಗೆಂದು ತ್ಲಾಕೊ ಎಂಟು ದಿನ ಬೆಳ್ಳಕ್ಕಿ ಗರಿಗೆ ಹಳದಿ ಕಟ್ಟಿದ್ದಳು. ಅದರ ಮೇಲೊಂದು ನೀಲಿ ಗರಿ ಇಟ್ಟು ನೋಡಿದಳು. ಗರಿ ಬೂದಿ ಬಳಿದಂತೆ ಕಳೆಗುಂದಿತ್ತು.

"ಮಾವ, ತಡೀರಿ. ಈ ಹಳದಿ ಬೇಡ."

"ನೀನೇ ಕಟ್ಟಿದ ಬಣ್ಣ ಅಲ್ವೇನೆ?"

"ನಂದೇ. ಚೆನ್ನಾಗೇ ಬಂದಿದೆ. ಅದಕ್ಕೇ ಮೇಲಿನ ನೀಲೀನ ತಿಂದ್ಹಾಕ್ತಿದೆ. ಕಪ್ಪು ಇಡೋಣ. ನೀರುಕೋಳಿ ಗರಿ."

ಸೀತಾಳೆ ಗಡ್ಡೆಯ ಅಂಟು ಕಲಸುತ್ತಿದ್ದ ನಾದಿನಿ ಶೊಕೊ ನಕ್ಕಳು. "ಸಾರು ಮಾಡಿ ಉಳಿದ ಪುಕ್ಕಾನ ಅಂಟ್ಸಿದೀರಾ ಅಂತ ಕೇಳ್ತಾರೆ ಅತ್ತಿಗೆ."

"ಆರು ನೀಲಿ ಗರಿ ಕೊಡಿ ಮಾವ. ತಪ್ಪಾದ್ರೆ ಇನ್ಮೇಲೆ ಬಣ್ಣದ ಮಡಕೆ ಮುಟ್ಟಲ್ಲ, ಶೊಕೊ ಜೊತೆ ಅಂಟು ಕಲಸ್ತೀನಿ."

ಓಲಿನ್ ಎಣಿಸಿ ಕೊಟ್ಟ. ತ್ಲಾಕೊ ಕತ್ತಾಳೆ ಎಲೆಯ ಮೇಲೆ ಹತ್ತಿ ಹರಡಿ ಎಡಕ್ಕೆ ಹಳದಿ, ಬಲಕ್ಕೆ ಮನೆಯಲ್ಲಿದ್ದ ನೀರುಕೋಳಿ ಗರಿ ಅಂಟಿಸಿದಳು. ಎರಡರ ಮೇಲೂ ಮೂರು ಮೂರು ನೀಲಿ. ಒಂದೇ ಅಂಟು, ಅಷ್ಟೇ ದಪ್ಪ. ಒಣಗಿದ ಕೂಡಲೇ ಎಲೆ ಹಿಡಿದು ಅಂಗಳಕ್ಕೆ ಓಡಿದಳು.

ಎಡಗಡೆ ಮಂಕು. ಬಲಗಡೆಯ ನೀಲಿ ಬಿಸಿಲು ಬಿದ್ದದ್ದೇ ಕೆಂಡದಂತೆ ಹೊತ್ತಿಕೊಂಡಿತು. ಓರೆ ಮಾಡಿದಳು: ಹಸಿರು. ನೆಟ್ಟಗೆ ಮಾಡಿದಳು: ಮತ್ತೆ ನೀಲಿ. ಶೊಕೊ ಅಂಟಿನ ಕೈಯಲ್ಲೇ ಬಂದು ನಿಂತು ಬಾಯಿ ಬಿಟ್ಟುಕೊಂಡು ನೋಡಿದಳು.

ಓಲಿನ್ ಎಲೆ ಇಸಿದುಕೊಂಡು ತಾನೂ ಮೂರು ಸಲ ಓರೆ ಮಾಡಿ ನೋಡಿದ. ಒಳಹೋಗಿ ಎಂಟು ದಿನದ ಹಳದಿ ಬುಟ್ಟಿಯನ್ನು ಮೂಲೆಗೆ ಸರಿಸಿದ. ತನ್ನ ದುಡಿಮೆ ಮೂಲೆ ಸೇರಿದ್ದಕ್ಕೆ ಇಷ್ಟು ಖುಷಿಪಟ್ಟ ಹೆಂಗಸನ್ನು ಆ ಕೇರಿ ಕಂಡಿರಲಿಲ್ಲ. ಕೇರಿಯ ಪಕ್ಕದ ಸರೋವರದಿಂದ ನೀರುಕೋಳಿ ತರಲು ಅವಳಾಗಲೇ ದೋಣಿ ಹತ್ತಿದ್ದಳು.

"ಏ, ನಿಲ್ಲೇ," ಓಲಿನ್ ದಡದಿಂದ ಕೂಗಿದ. "ಗುರಾಣಿ ಅಂಚಿನ ಕೆಂಪು ಗರಿ ಅಡಿಗೆ ಏನಿಡ್ಲಿ?"

ಮಾವ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಇಟ್ಟು ನೋಡ್ದೆ ಹೇಳಲ್ಲ ಮಾವ," ಎಂದು ತ್ಲಾಕೊ ಹುಟ್ಟು ಹಾಕಿದಳು.