ಒಡಪಿನ ಬೀಗ

ಗುಟ್ಟು ಎಂದರೆ ಒಬ್ಬೊಬ್ಬರಿಗೇ ಬೇರೆಬೇರೆಯಾಗಿ ಹೇಳಬೇಕಾದ ಸುದ್ದಿ ಎಂದು ನಮ್ಮ ರೋಣದ ಕಡೆ ತಿಳುವಳಿಕೆ. ಇಂಥ ಊರಿನಲ್ಲಿ ಅರ್ಧ ಆಯುಷ್ಯ ದವಾಖಾನೆ ನಡೆಸಿದ ನಾನು, ರೋಗಿಗಳ ಗುಟ್ಟು ಕಾಯುವ ಯಂತ್ರವೊಂದನ್ನು ಕೊಂಡುತಂದೆ ಎಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ಅಡ್ಡಿಯಿಲ್ಲ. ನಾನು ಹೇಳಹೊರಟಿರುವುದೂ ನಗುವಿನ ವಿಚಾರವೇ.

ನನ್ನ ದವಾಖಾನೆಗೆ ರೋಗಿ ಒಂಟಿಯಾಗಿ ಬರುವ ಪದ್ಧತಿಯೇ ಇಲ್ಲ. ನೆಗಡಿಯಾದವರು ಒಬ್ಬರಾದರೆ ಅದನ್ನು ವರ್ಣಿಸಲು ನಾಲ್ವರು ಜೊತೆಗೆ ಬಂದಿರುತ್ತಾರೆ. "ಎಲ್ಲಿ ನೋವು?" ಎಂದು ನಾನು ರೋಗಿಯನ್ನು ಕೇಳಿದರೆ ಆಕೆಯ ಅತ್ತಿಗೆ ತನ್ನ ಹೊಟ್ಟೆ ಮುಟ್ಟಿ ತೋರಿಸುತ್ತಾಳೆ. ಇನ್ನು ನಮ್ಮ ಕಂಪೌಂಡರ್ ಮಾಬೂಸಾಬರು ಬಂಗಾರದಂಥ ಮನುಷ್ಯ, ಧ್ವನಿ ಮಾತ್ರ ಸಂತೆಯದು. ಬಾಗಿಲಲ್ಲಿ ನಿಂತು, "ಮೂಲವ್ಯಾಧಿಯವರು ಯಾರ್ರೀ? ಲಗೂನ ಒಳಗ ಬರ್ರಿ!" ಎಂದು ಅವರು ಕೂಗಿದರೆ, ನರಗುಂದದ ಬಸ್ಸಿಗೆ ಕಾಯುತ್ತ ರಸ್ತೆಯಾಚೆ ನಿಂತವರೂ ಯಾರಪ್ಪಾ ಅದು ಎಂದು ತಿರುಗಿ ನೋಡುತ್ತಾರೆ. ಆ ನತದೃಷ್ಟರು ಎದ್ದು ಒಳಗೆ ಬರುವಷ್ಟರಲ್ಲಿ ಅವರ ಕಾಯಿಲೆ ಅವರಿಗಿಂತ ಮೊದಲೇ ಮನೆ ಮುಟ್ಟಿರುತ್ತದೆ.

ಆದರೂ ಯಂತ್ರ ತಂದೆ. ಬೆಳವಣಕಿಯಿಂದಲೋ ರಾಜೂರದಿಂದಲೋ ಗಜೇಂದ್ರಗಡದಿಂದಲೋ, ಬಿ.ಪಿ. ಗುಳಿಗೆ ಮುಂದುವರಿಸಬೇಕೋ ಬೇಡವೋ ಎಂಬ ಒಂದು ಮಾತು ಕೇಳಲು ಜನ ಇಡೀ ದಿನದ ಕೆಲಸ ಬಿಟ್ಟು ಬರುತ್ತಿದ್ದರು. ಮೊಬೈಲಿನಲ್ಲೇ ಮುಖ ನೋಡಿ ಮಾತಾಡಿದರೆ ಆಗದೇ ಎನ್ನಿಸಿತು. ಹುಬ್ಬಳ್ಳಿಯಿಂದ ಬಂದ ಎಂಜಿನಿಯರು ಎಲ್ಲ ಜೋಡಿಸಿಕೊಟ್ಟು, "ನಿಮ್ಮ ಮಾತು ಇಲ್ಲಿ ಗಂಟ ಕಟಗೊಂಡು ಹೊಂಟ್ರ ರೋಗಿ ಮೊಬೈಲಿನ್ಯಾಗ ಹೋಗಿ ಬಿಚ್ಚತೈತ್ರಿ ಮೇಡಂ. ನಡುವ ಯಾರಿಗೂ ಬಿಚ್ಚಾಕ ಬರೂದಿಲ್ಲ, ನನಗೂ ಬರೂದಿಲ್ಲ" ಎಂದರು. ವರದಿಗಳನ್ನು ವಾಟ್ಸಾಪ್ ಗುಂಪಿಗೆ ಹಾಕಬಾರದು, ಕುರ್ಚಿ ಬಿಟ್ಟು ಏಳುವಾಗ ಪರದೆಗೆ ಬೀಗ ಹಾಕಬೇಕು, ಪ್ರತಿ ಸಲವೂ ರೋಗಿಯ ಹೆಸರು, ತಂದೆಯ ಅಥವಾ ಗಂಡನ ಹೆಸರು ಕೇಳಿ ಖಾತ್ರಿ ಮಾಡಿಕೊಂಡು, ಒಪ್ಪಿಗೆ ಪಡೆದೇ ಮಾತು ಶುರು ಮಾಡಬೇಕು ಎಂದೆಲ್ಲ ಪಾಠ ಹೇಳಿದರು. ಕೊನೆಗೆ ನಾನು ಮೊದಲಿಂದ ಇಟ್ಟುಕೊಂಡಿದ್ದ ಪಾಸ್‌ವರ್ಡ್ ನೋಡಿ ಹಣೆ ಚಚ್ಚಿಕೊಂಡರು. ಅದು ನಮ್ಮ ಯಜಮಾನರ ಹೆಸರಾಗಿತ್ತು. ನೋಡಿ, ಮದುವೆಯಾದಂದಿನಿಂದ ಅವರನ್ನು "ಏನ್ರೀ" ಎಂದೇ ಕರೆಯುವವಳು ನಾನು. ಬಾಯಿಂದ ಬಾರದ ಹೆಸರನ್ನು ಬೆರಳಿಂದ ದಿನಕ್ಕೆ ಹತ್ತು ಸಲ ಬರೆಯುತ್ತಿದ್ದೆ. ಎಂಜಿನಿಯರರಿಗೆ ಇದರಲ್ಲಿ ಪ್ರೇಮ ಕಾಣಲಿಲ್ಲ, ಅಪಾಯವಷ್ಟೇ ಕಂಡಿತು.

ಗುಟ್ಟಿನ ಪಾಠ ಕೇಳಿದ ಮಾಬೂಸಾಬರಂತೂ ಮರುದಿನದಿಂದ ಪಿಸುಗುಟ್ಟತೊಡಗಿದರು. "ಅಕ್ಕಾರ, ಚಾ ತರಲೇನ್ರಿ?" ಎಂಬುದನ್ನೂ ಕಿವಿಯ ಹತ್ತಿರ ಬಂದು, ಆಚೀಚೆ ನೋಡಿಯೇ ಕೇಳುತ್ತಿದ್ದರು.

ಇನ್ನು ಬೆಳವಣಕಿಯ ನೀಲವ್ವನ ವಿಷಯ. ಆಕೆಯ ಹೆಸರು ಅದಲ್ಲ, ಊರು ಬೆಳವಣಕಿಯೂ ಅಲ್ಲ. ಆದ್ದರಿಂದ ಬೆಳವಣಕಿಯವರು ಲೆಕ್ಕಹಾಕುತ್ತ ಕೂಡಬೇಡಿ. ಬರೆಯಲು ಆಕೆಯ ಒಪ್ಪಿಗೆಯಿದೆ. "ಬೇಕಾದ್ದ ಬರಕೋರಿ ಅಕ್ಕಾರ, ನಮ್ಮ ಯಜಮಾನರ ಹೆಸರ ಮಾತ್ರ ಹಾಕಬ್ಯಾಡ್ರಿ" ಎಂದಿದ್ದಾಳೆ. ಹಾಗಾಗಿ ಅವರ ಹೆಸರನ್ನೂ ಇಲ್ಲಿ ಕಳಕಪ್ಪ ಎಂದು ಬದಲಿಸಿದ್ದೇನೆ. ನೀಲವ್ವ ಎಂದರೆ ನಗು ಎನ್ನುವ ಕಾಲವಿತ್ತು. ಲಗ್ನದ ಮನೆಗಳಲ್ಲಿ ಗಂಡನ ಹೆಸರು ಹೇಳುವ ಸರದಿ ಬಂದಾಗ ನಿಂತ ನಿಲುವಿನಲ್ಲೇ ಪ್ರಾಸದ ಸಾಲಿನಲ್ಲಿ ಆ ಹೆಸರು ಹೆಣೆದು ಹೊಸ ಒಡಪು ಕಟ್ಟಿ ಹೇಳಿ, ತಾನೇ ಮೊದಲು ನಕ್ಕು, ಚಪ್ಪರವನ್ನೆಲ್ಲ ನಗಿಸುವಾಕೆ. ಕೆಲವು ಸಮಯದಿಂದ ಮೊಣಕಾಲು ನೋವೆಂದು ನೆಗೆಣ್ಣಿ, ಅಂದರೆ ಓರಗಿತ್ತಿ, ಈರವ್ವನ ಜೊತೆ ನನ್ನಲ್ಲಿಗೆ ಬರುತ್ತಿದ್ದಳು. ಮೊಣಕಾಲಲ್ಲಿ ನನಗೇನೂ ದೋಷ ಕಾಣುತ್ತಿರಲಿಲ್ಲ.

ಮೊದಲ ಸಲ ಮೊಬೈಲಿನಲ್ಲಿ ಸಿಕ್ಕಾಗ ಅವರೆಲ್ಲ ಮಾಳಿಗೆಯ ಮೇಲಿದ್ದರು. ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲವಂತೆ. ನನ್ನ ಪರದೆಯಲ್ಲಿ ನೀಲವ್ವನ ಹಣೆ, ಈರವ್ವನ ಗದ್ದ, ಪಕ್ಕದ ಮನೆಯ ಇಬ್ಬರು ಹೆಂಗಸರ ಬಳೆ ತೊಟ್ಟ ಕೈಗಳು, ಹಿಂದೆ ಒಣಹಾಕಿದ ಶಾವಿಗೆ. ಗಂಟು ಕಟ್ಟಿಕೊಂಡು ಹೊರಟ ನನ್ನ ಮಾತು ಅಲ್ಲಿ ಬಿಚ್ಚಿಕೊಂಡದ್ದೇ ತಡ, ಎದುರು ಮಾಳಿಗೆಗೂ ಕೇಳುತ್ತಿತ್ತು.

ಪಾಠದಂತೆ ಕೇಳಿದೆ, "ಯಜಮಾನರ ಹೆಸರೇನ್ರಿ?"

"ಅಯ್ಯ, ಹಂಗ ಬರೇ ಬಾಯಿಲೆ ಹ್ಯಾಂಗ ಹೇಳಾಕ ಬರತೈತ್ರಿ ಅಕ್ಕಾರ?" ಎಂದಳು. ಖಾತ್ರಿಯಾಗದೆ ಮುಂದೆ ಹೋಗುವಂತಿಲ್ಲ ಎಂದೆ. ಹೆಂಗಸರು "ಹೇಳ, ಹೇಳ" ಎಂದು ಗದ್ದಲ ಹಾಕಿದರು. ನೀಲವ್ವ ಸೆರಗು ಸರಿಮಾಡಿಕೊಂಡು ಶುರುಮಾಡಿದಳು:

"ಎರಿ ಹೊಲದಾಗ ಬಿಳಿಜ್ವಾಳ, ತೆನಿ ಕಾಣತಾವ ದೂರ ದೂರ,
ಕಳಕಪ್ಪನವರ ಹೆಸರ ಹೇಳತೇನಿ, ಕೇಳಾಕ ಕುಂತೈತಿ ಊರ!"

ಮಾಳಿಗೆಯೆಲ್ಲ ಗೊಳ್ಳೆಂದು ನಕ್ಕಿತು. ಇತ್ತ ನಾನೂ ನಕ್ಕೆ. ನೀಲವ್ವ ಮಾತ್ರ ನಗುವನ್ನು ಅರ್ಧದಲ್ಲೇ ಕಡಿದು, ಸೆರಗನ್ನು ಬಾಯಿಗೆ ಒತ್ತಿ, ಕಾಲು ಬಿಗಿಹಿಡಿದು ಕುಕ್ಕರಿಸಿಬಿಟ್ಟಳು. "ನೋಡ್ರಿ ಅಕ್ಕಾರ, ಅಕ್ಕನ ಮಗಳ ಲಗ್ನಕ್ಕೂ ಬರೂದಿಲ್ಲ ಅಂತಾಳ, ಮಣಕಾಲ ನೋವಂತ" ಎಂದು ಈರವ್ವ ದೂರಿದಳು.

ನಾನು ಓದಿದ ಯಾವ ಪುಸ್ತಕದಲ್ಲೂ ಮೊಣಕಾಲಿಗೂ ನಗುವಿಗೂ ಸಂಬಂಧವಿಲ್ಲ. ಬೇರೆ ಯಾವುದಕ್ಕೆ ಇದೆಯೆಂಬುದು ಥಟ್ಟನೆ ಹೊಳೆಯಿತು. ಆದರೆ ಅದನ್ನು ಕೇಳುವುದು ಹೇಗೆ? ಈರವ್ವನ ಕುತ್ತಿಗೆಯಲ್ಲಿ ಹಾಡು ಕೇಳುವ ಇಯರ್‌ಫೋನ್ ಜೋತಾಡುತ್ತಿತ್ತು. ಅದನ್ನು ನೀಲವ್ವನ ಕಿವಿಗೆ ಹಾಕಿಸಿ, "ನಾ ಕೇಳತೇನಿ, ನೀವು ಹೌದ್ರಿ, ಇಲ್ರಿ ಅಂದ್ರ ಸಾಕು" ಎಂದೆ.

"ನಕ್ಕಾಗ, ಕೆಮ್ಮಿದಾಗ ಉಚ್ಚಿ ಜಿನಗಿ ಸೀರಿ ಹಸಿ ಆಗತೈತೇನ್ರಿ?"

ಪರದೆಯಲ್ಲಿ ಆಕೆಯ ಕಣ್ಣು ಅಗಲವಾದವು. ಆಮೇಲೆ ಬಹಳ ಸಣ್ಣಗೆ, "ಹೌದ್ರಿ."

"ಅದಕ್ಕ ಲಗ್ನಕ್ಕ ಹೋಗಾಕ ಅಂಜಿಕಿ ಏನ್ರಿ?"

"ಹೌದ್ರಿ."

ನಗಿಸುವುದೇ ಬದುಕಾಗಿದ್ದ ಹೆಂಗಸು ನಗುವಿಗೆ ಹೆದರಿ ಮನೆ ಹಿಡಿದಿದ್ದಳು. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳದೆ ಮೊಣಕಾಲಿನ ಮೇಲೆ ಹಾಕಿದ್ದಳು. ಇದು ಬಹಳ ಹೆಂಗಸರಿಗೆ ಆಗುವುದು, ಉಪಾಯವಿದೆ, ಒಮ್ಮೆ ಬಂದು ತೋರಿಸಿಕೊಂಡು ಹೋಗಿ ಎಂದೆ. "ಏನಂದ್ರ ಅಕ್ಕಾರು?" ಎಂದಳು ಈರವ್ವ. "ಮಣಕಾಲಿಗೆ ವ್ಯಾಯಾಮ ಐತಂತ" ಎಂದಳು ನೀಲವ್ವ, ರೆಪ್ಪೆ ಮಿಟುಕಿಸದೆ.

ಆಕೆ ದವಾಖಾನೆಗೆ ಬಂದ ದಿನ ಮಾಬೂಸಾಬರಿಗೆ ನಾನೇ ಕೂಗಲು ಅಪ್ಪಣೆ ಕೊಟ್ಟೆ. ಅಷ್ಟು ದಿನದ ಪಿಸುಮಾತಿನಿಂದ ಬಳಲಿದ್ದ ಅವರು ಎದೆ ತುಂಬ ಉಸಿರು ಎಳೆದುಕೊಂಡು, "ಮಣಕಾಲಿನವರು ಬರ್ರೀ!" ಎಂದು ಗರ್ಜಿಸಿದರು. ರೋಣದ ಬಜಾರಿಗೆಲ್ಲ ಸುಳ್ಳು ಸುದ್ದಿ ಮುಟ್ಟಿತು. ಈರವ್ವ ಹೊರಗೆ ಕೂತಳು. ಮೂತ್ರ ಪರೀಕ್ಷೆ ಮಾಡಿಸಿದೆ, ಸೋಂಕಿರಲಿಲ್ಲ. ಒಳಗಿನ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಕಲಿಸಿದೆ. ರೊಟ್ಟಿ ಬಡಿಯುತ್ತಲೂ ಮಾಡಬಹುದು, ಪಕ್ಕದಲ್ಲಿ ಕೂತವರಿಗೂ ತಿಳಿಯದು. ಗಂಟು ಕಟ್ಟಿದ ವ್ಯಾಯಾಮ ಅನ್ನಿ.

ಹೊರಡುವಾಗ ನೀಲವ್ವ ಒಂದು ಮಾತು ಹೇಳಿದಳು. "ಹೆಂಗೂ ಪ್ರತಿ ಸಲ ಯಜಮಾನರ ಹೆಸರ ಕೇಳತೀರಿ. ಮಂದಿ ಸುತ್ತ ಇದ್ರ ಜ್ವಾಳದ ಒಡಪ ಹೇಳತೇನ್ರಿ. ನಾ ಒಬ್ಬಾಕಿನ ಇದ್ರ ಮಲ್ಲಿಗೀದು. ಅದನ್ನ ಕೇಳಿದ ಮ್ಯಾಲ ಬೇಕಾದ್ದ ಮಾತಾಡ್ರಿ." ಮಲ್ಲಿಗೆಯದನ್ನು ಅಲ್ಲೇ ಕಟ್ಟಿದಳು:

"ಮಲ್ಲಿಗಿ ಮುಡದು ಕನ್ನಡಿ ನೋಡಿದ್ರ ಒಳಗ ಒಬ್ಬಾಕಿ,
ಕಳಕಪ್ಪನವರ ಹೆಸರ ಹೇಳತೇನಿ, ನಾ ಅವರ ಮನಿಯಾಕಿ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಒಡಪು ಎಂಬ ಶಬ್ದಕ್ಕೆ ಒಗಟು ಎಂಬ ಅರ್ಥವೂ ಉಂಟು. ಎಲ್ಲರೆದುರಿಗೂ ಹೇಳಿ, ಬೇಕಾದವರಿಗಷ್ಟೇ ತಿಳಿಸುವ ವಿದ್ಯೆಯನ್ನು ನಮ್ಮ ಅಜ್ಜಿಯರು ಲಗ್ನದ ಚಪ್ಪರದಲ್ಲೇ ಕಲಿತಿದ್ದರು. ನಾನು ಅದನ್ನು ಹುಬ್ಬಳ್ಳಿಯಿಂದ ತರಿಸಿದ್ದೆ. ಎಂಜಿನಿಯರರಿಗೆ ಹೆಸರು ಕುಲ ತಿಳಿಸದೆ ಫೋನಿನಲ್ಲಿ ಇಷ್ಟನ್ನು ಹೇಳಿದೆ. ಅವರು, ಇಂಥ ಉದ್ದನೆಯ ಸಾಲು ನಿಮ್ಮ ಪಾಸ್‌ವರ್ಡಿಗಿಂತ ಎಷ್ಟೋ ವಾಸಿ ಎಂದರು. ಯಜಮಾನರ ಹೆಸರು ಅವರಿನ್ನೂ ಮರೆತಿರಲಿಲ್ಲ.

ಮುಂದೆ ಒಮ್ಮೆ ಜೋಳ ಬಂತು, ನಾನು ಮೊಣಕಾಲಿನ ಬಗ್ಗೆ ಗಂಭೀರವಾಗಿ ವಿಚಾರಿಸಿದೆ. ಹಲವು ಸಲ ಮಲ್ಲಿಗೆ ಬಂತು. "ಈಗ ಕಡಿಮಿ ಐತ್ರಿ", "ಕೆಮ್ಮಿದ್ರ ಏನೂ ಇಲ್ರಿ" ಎನ್ನುವಳು. ನಗುವಿನ ಪರೀಕ್ಷೆ ಮಾತ್ರ ಬಾಕಿ ಉಳಿದಿತ್ತು, ಅದಕ್ಕೆ ಆಕೆಗೆ ಧೈರ್ಯ ಸಾಲುತ್ತಿರಲಿಲ್ಲ.

ಕೊನೆಯ ಮಾತುಕತೆಯ ದಿನ ಕರೆ ಬಂದದ್ದು ರಾಜೂರದಲ್ಲಿ ಆ ಅಕ್ಕನ ಮಗಳ ಲಗ್ನದ ಮನೆಯಿಂದ. ಬಂದಿದ್ದಾಳೆ! ಪರದೆಯ ತುಂಬ ಅರಿಶಿನ ಮೆತ್ತಿದ ಕೆನ್ನೆಗಳು, ರೇಷ್ಮೆ ಸೆರಗುಗಳು, ಒಬ್ಬರ ಭುಜದ ಮೇಲೆ ಇನ್ನೊಬ್ಬರ ತಲೆ. ನಡುವೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ನೀಲವ್ವ. ನಾನು ಹೆಸರು ಕೇಳಿದೆ. ಅವರೂ "ಹೆಸರ ಹೇಳ ನೀಲವ್ವ" ಎಂದು ಮುತ್ತಿಕೊಂಡರು. ಆಕೆ ಗಂಟಲು ಸರಿಮಾಡಿಕೊಂಡು ಅಷ್ಟೂ ಜನರ ನಡುವೆ ಶುರುಮಾಡಿದಳು: "ಮಲ್ಲಿಗಿ ಮುಡದು ಕನ್ನಡಿ ನೋಡಿದ್ರ ಒಳಗ ಒಬ್ಬಾಕಿ..."

ನನಗೆ ಗಾಬರಿ. "ನೀಲವ್ವ, ಒಡಪ ತಪ್ಪೈತಿ! ಸುತ್ತ ಮಂದಿ ಅದಾರ!" ಎಂದೆ.

"ಇಲ್ರಿ ಅಕ್ಕಾರ, ಬರೋಬ್ಬರಿ ಐತಿ" ಎಂದಳು. ಎಂದವಳೇ ನಕ್ಕಳು. ಹೊಟ್ಟೆ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ, ಬಳೆ ಗಲಗಲಿಸುವಂತೆ ನಕ್ಕಳು. ಚಪ್ಪರವೂ ನಕ್ಕಿತು. ಸೆರಗು ಬಾಯಿಗೆ ಹೋಗಲಿಲ್ಲ, ಆಕೆ ಕುಕ್ಕರಿಸಲಿಲ್ಲ, ಎದ್ದು ಓಡಲಿಲ್ಲ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಾನು ಇಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದೆ, ಬಾಗಿಲಲ್ಲಿ ಮಾಬೂಸಾಬರು ಏನೂ ತಿಳಿಯದೆ ನಗುತ್ತಿದ್ದರು.

ಈರವ್ವ ಇಯರ್‌ಫೋನ್ ಕಿತ್ತುಕೊಂಡು ತನ್ನ ಕಿವಿಗೆ ಸಿಕ್ಕಿಸಿಕೊಂಡಳು. "ನೋಡಿದ್ರೇನ್ರಿ ಅಕ್ಕಾರ, ಮಣಕಾಲ ಆರಾಮ ಆದಮ್ಯಾಲ ಹ್ಯಾಂಗ ನಗತಾಳ!"

"ಹೌದ್ರಿ" ಎಂದೆ.