ಶೆಲ್ಟರ್ ಸ್ಟಾಪಿನ ಬಿಸಿಲು

ಕಂಪ್ಲಿ ದಾಟಿದ ಮೇಲೆ ಕಂಡಕ್ಟರ್, “ಶೆಲ್ಟರ್ ಸ್ಟಾಪ್, ಇಳಿಯೋರು ಬರ್ರಿ” ಎಂದು ಕೂಗಿದ. ನಾನು ಬೇರೆ ಬಸ್ಸು ಹಿಡಿಯಬೇಕಿತ್ತು; ಇಲ್ಲಾದರೆ ನೆರಳಲ್ಲಿ ಕಾಯಬಹುದೆಂದು ನಾನೂ ಇಳಿದೆ. ಅಲ್ಲಿ ಶೆಲ್ಟರೇ ಇಲ್ಲ! ರಸ್ತೆ ಬದಿಗೆ ಒಂದು ಶಂಕುಸ್ಥಾಪನೆಯ ಕಲ್ಲು, ಅದರ ಮೇಲೆ ಗದ್ದೆಗೆ ಹೊರಟ ಹೆಂಗಸರ ಬುತ್ತಿಗಂಟು, ಸುತ್ತ ರಣಬಿಸಿಲು.

“ಹೋದ ಎಲೆಕ್ಷನ್‌ನಾಗ ಲೀಡರೊಬ್ರು ಕಟ್ಟಸ್ತೀನಿ ಅಂತ ಕಲ್ಲು ಹಾಕಿ ಹೋದ್ರು. ಹೆಸರಷ್ಟ ಉಳೀತು ನೋಡ್ರಿ,” ಎಂದು ಗುಂಪಿನ ಹಿರಿಯಳು ಹುಲಿಗೆಮ್ಮ ನಕ್ಕಳು.

ನನಗೇ ಸಿಟ್ಟು ಬಂತು. “ಯಾರೂ ಜಗಳ ಆಡಲಿಲ್ಲವೇ?”

“ಜಗಳ ಯಾಕ್ರಿ? ಈ ಸಲ ಓಟು ಕೇಳಾಕ ಮತ್ತ ಬಂದ್ರು. ಭಾಷಣ ಬ್ಯಾಡ್ರಿ, ಬಸ್ ಬರೋತನಕ ಇಲ್ಲಿ ನಮ್ಮ ಜೋಡಿ ನಿಂದರ್ರಿ, ಸಾಕು ಅಂದ್ವಿ. ಛತ್ರಿ ಹಿಡಿಯಾಕ ಬಂದವನ್ನ ದೂರ ಕಳಿಸಿದ್ವಿ. ಟಿವಿಯವ್ರು ಕ್ಯಾಮೆರಾ ಹಿಡದು ನಿಂತಿದ್ರಲ್ಲ, ಕಾರು ಹತ್ತಿ ಹೋಗಾಕೂ ಆಗಲಿಲ್ಲ ಅವರಿಗೆ.”

“ಹಾಗಾದರೆ ನಿಂತರಾ?”

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು.

“ನಿಂತ್ರು, ಪಾಪ. ಭಾಳ ಹೊತ್ತು ನಿಂತ್ರು. ಅವತ್ತು ರವಿವಾರ. ರವಿವಾರ ಈ ಕಡೆ ಬಸ್ಸೇ ಇಲ್ಲ ಅಂತ ಅವರಿಗೇನ್ ಗೊತ್ತು?”